ಗುಜರಿ ಗಾಜು, ನೆಕ್ಸಾನ್ ಇವಿ: ಹಿಂದಿನ ಗಾಜನ್ನು ಇಡಿಯಾಗಿ ಬಿಡಿಸಿ ಕೂರಿಸಿದ ಅನುಭವ

ಕಾರಿನ ಹಿಂದಿನ ಗಾಜು ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ್ದು), ಅಂಟಿನಿಂದ ಇಡಿಯಾಗಿ ಬರಲ್ಲ, ಒಡೆದೇ ತೆಗೀಬೇಕು ಅಂತ ಈ ಲೈನಿನಲ್ಲಿ ಎಲ್ಲರೂ ಹೇಳ್ತಾರೆ. ಮುಂದಿನ ಗಾಜು ಲ್ಯಾಮಿನೇಟೆಡ್ (ನಡುವೆ ಪ್ಲಾಸ್ಟಿಕ್ ಪದರ ಇರುವಂಥದ್ದು), ಬಿರುಕು ಬಿಟ್ಟರೂ ಹಾಳೆಯಾಗಿಯೇ ಬರುತ್ತೆ. ಹಿಂದಿನದಕ್ಕೆ ಅಂಚಿನಲ್ಲಿ ಒಂದು ಪೆಟ್ಟು ಬಿದ್ದರೆ ಸಾಕು, ಜೋಳದ ಕಾಳಿನ ಹಾಗೆ ಸುರಿದುಬಿಡುತ್ತೆ. ಅದು ನಿಜ. ಆದರೆ ಪೆಟ್ಟು ಬೀಳದ ಹಾಗೆ ಬಿಡಿಸೋಕೆ ಆಗುತ್ತೆ. ಗುಜರಿಗೆ ಬಂದ ಪೆಟ್ರೋಲ್ ನೆಕ್ಸಾನ್‌ನ ಡಿಕ್ಕಿ ಬಾಗಿಲಿಂದ ಬಿಡಿಸಿದ ಗಾಜನ್ನು ಹಳೇ ಆಕಾರದ ನೆಕ್ಸಾನ್ ಇವಿಗೆ ಕೂರಿಸಿ ಒಂದು ಪೂರ್ತಿ ಮಳೆಗಾಲ ಕಳೆದಿದೆ. ಒಳಗೆ ಒಂದು ಹನಿ ಇಳಿದಿಲ್ಲ, ಗಾಜಿನ ಮಂಜು ಓಡಿಸುವ ಡಿಫಾಗರ್‌ನ ಎಲ್ಲ ಗೆರೆಯೂ ಕಾಯುತ್ತೆ. ತುಮಕೂರಿನಲ್ಲಿ ‘ಆಗಲ್ಲ ಬಿಡಿ’ ಅಂದವರೇ ಈಗ ಅಂಟು ಕೊಯ್ಯೋಕೆ ಯಾವ ದಾರ ಅಂತ ಕೇಳ್ತಿದ್ದಾರೆ, ಹಾಗಾಗಿ ಬರೆದಿದ್ದು.

ಪೆಟ್ರೋಲ್ ಗಾಡಿಯ ಗಾಜು ಇವಿಗೆ ಹೇಗೆ ಅನ್ನೋರಿಗೆ: 2020ರಲ್ಲಿ ಬಂದ ನೆಕ್ಸಾನ್ ಇವಿಗೂ ಅದೇ ಕಾಲದ ಪೆಟ್ರೋಲ್, ಡೀಸೆಲ್ ನೆಕ್ಸಾನ್‌ಗೂ ಬಾಡಿ ಒಂದೇ. ಗುಜರಿಯಲ್ಲಿ ಇವಿ ಸಿಗೋದು ಅಪರೂಪ, ಪೆಟ್ರೋಲ್ ಗಾಡಿ ಬೇಕಾದಷ್ಟು. ನೋಡಬೇಕಾದ್ದು ವೇರಿಯಂಟ್. ಕೆಳಗಿನ ವೇರಿಯಂಟ್ ಗಾಜಿನಲ್ಲಿ ಡಿಫಾಗರ್ ಗೆರೆಯೇ ಇರಲ್ಲ, ಕಡಿಮೆಗೆ ಸಿಕ್ತು ಅಂತ ತಂದರೆ ಇವಿ ಕಡೆಯ ಎರಡು ವೈರ್ ಸುಮ್ಮನೆ ನೇತಾಡುತ್ತವೆ. ಗಾಜಿನ ಮೂಲೆಯ ಮುದ್ರೆಯಲ್ಲಿ ಐಎಸ್ 2553 (ಸುರಕ್ಷಾ ಗಾಜಿನ ಭಾರತೀಯ ಮಾನದಂಡ) ಇರಲಿ. ಒಡೆದ ಹಳೇ ಗಾಜಿನ ಮುದ್ರೆಯಿರುವ ಚೂರು ಸಿಕ್ಕಿದರೆ ಜೇಬಿಗೆ ಹಾಕಿಕೊಂಡು ಹೋಗಿ, ತಯಾರಕರು ಯಾರು ಅಂತ ಹೋಲಿಸೋಕೆ. ಬೇರೆ ತಯಾರಿಕೆಯದು ಕೆಲವು ಸಲ ಒಂದು ಮೂಲೆಯಲ್ಲಿ ಎರಡು ಮೂರು ಮಿಲಿಮೀಟರ್ ಎದ್ದು ನಿಲ್ಲುತ್ತೆ.

ಶಿವಾಜಿನಗರದ ಗುಜರಿಗಳಲ್ಲಿ ಬಿಡಿ ಗಾಜು ಕೇಳಬೇಡಿ. ಡಿಕ್ಕಿ ಬಾಗಿಲು ಪೂರ್ತಿ ಕೇಳಿ. ಬಿಡಿ ಗಾಜು ಅಂದರೆ ಅಲ್ಲಿಯ ಹುಡುಗರೇ ಬಿಡಿಸಿ ಕೊಡ್ತೀವಿ ಅಂತಾರೆ, ಅವರ ಕೈಯಲ್ಲಿರೋದು ಚಾಕು ಮತ್ತು ಸುತ್ತಿಗೆ. ತಗಡು ನೆಗ್ಗಿದ್ದರೂ ಗಾಜು ಸರಿಯಿರುವ ಬಾಗಿಲು ಏಳು ಸಾವಿರದ ಆಸುಪಾಸಿಗೆ ಸಿಕ್ತು. ಗಾಜು ಬಿಡಿಸಿದ ಮೇಲೆ ಲ್ಯಾಚು, ವೈಪರ್ ಮೋಟರು, ತಗಡು ಮಾರಿದರೆ ಎರಡು ಸಾವಿರ ವಾಪಸ್ ಬಂತು. ಬಿಲ್ ತಗೊಳ್ಳದೆ ಬರಬೇಡಿ, ಕದ್ದ ಗಾಡಿಯ ಮಾಲು ಅಂತ ನಾಳೆ ಯಾರಾದರೂ ಬಂದರೆ ಬಿಲ್ ಒಂದೇ ಆಧಾರ.

ಈಗ ಬಿಡಿಸೋದು. ಸ್ಟೀಲ್ ಕಟಿಂಗ್ ವೈರ್ ಮುಂದಿನ ಗಾಜಿಗೆ ಸರಿ, ಇಲ್ಲಿ ಬೇಡ. ವೈರ್ ಅಂಚಿಗೆ ಉಜ್ಜಿ ಕೂದಲೆಳೆಯಷ್ಟು ಗೀರು ಮಾಡಿದರೂ ಟಫನ್ಡ್ ಗಾಜಿನ ಒಳಗಿನ ಒತ್ತಡ ಅಲ್ಲಿಂದಲೇ ಬಿಚ್ಚಿಕೊಳ್ಳುತ್ತೆ. ಕೆಲವು ಸಲ ಆ ಕ್ಷಣಕ್ಕೆ ಒಡೆಯಲ್ಲ. ಎತ್ತಿ ಗೋಡೆಗೆ ಒರಗಿಸಿಟ್ಟ ಮೇಲೆ ರಾತ್ರಿ ತಾನೇ ಸಿಡಿಯುತ್ತೆ, ಯಾರು ಮುಟ್ಟಿದರು ಅಂತ ಜಗಳ ಬೇರೆ. ಇದಕ್ಕೆ ಬೇಕಾದ್ದು ಮೀನು ಹಿಡಿಯುವ ಹೆಣೆದ ದಾರ: ಎಂಟು ಎಳೆಯ ಪಿಇ (ಪಾಲಿಎಥಿಲೀನ್), ನೂರು ಕಿಲೋಗೆ ಹತ್ತಿರದ ತಾಕತ್ತಿನದು. ಪೂರ್ತಿ ಸುರುಳಿ ತಗೊಳ್ಳಿ, ಒಂದು ಗಾಜಿಗೆ ಐದಾರು ತುಂಡು ಖರ್ಚಾಗುತ್ತೆ. ನೈಲಾನ್ ಒಂಟಿ ಎಳೆ ಎಳೆದಂತೆ ಉದ್ದವಾಗುತ್ತೆ, ಕತ್ತರಿಸಲ್ಲ.

ಬಾಗಿಲನ್ನು ನಾಲ್ಕು ಹಳೇ ಟೈರ್ ಮೇಲೆ ಗಾಜು ಮೇಲಾಗಿ ಮಲಗಿಸಿ, ಬಿಸಿಲಿಗೆ ಒಂದೆರಡು ಗಂಟೆ ಬಿಡಿ. ಪಿಯು (ಗಾಜು ಹಿಡಿದಿರುವ ಪಾಲಿಯುರಿಥೇನ್ ಅಂಟು) ಬೆಚ್ಚಗಾದರೆ ದಾರ ಸಲೀಸಾಗಿ ಓಡುತ್ತೆ. ಹೀಟ್ ಗನ್ ಬೇಡ, ಒಂದೇ ಕಡೆ ಬಿಸಿಯಾದರೆ ಗಾಜಿಗೆ ಅದೇ ಒಂದು ಪೆಟ್ಟು. ಒಳಗಿನ ಪ್ಲಾಸ್ಟಿಕ್ ಟ್ರಿಮ್, ವೈಪರ್, ಸ್ಪಾಯ್ಲರ್ ಬಿಚ್ಚಿ. ವೈಪರ್ ತೋಳು ಸ್ಪ್ಲೈನ್ (ಹಲ್ಲಿರುವ ಕಂಬಿ) ಮೇಲೆ ಕಚ್ಚಿಕೊಂಡಿದ್ದರೆ ಸಣ್ಣ ಪುಲ್ಲರ್ ಹಾಕಿ, ಗಾಜಿಗೆ ಸ್ಕ್ರೂ ಡ್ರೈವರ್ ಊರಿ ಮೀಟಬೇಡಿ. ಡಿಫಾಗರ್ ಕನೆಕ್ಟರ್ ಎಳೆಯುವಾಗ ಟ್ಯಾಬನ್ನು (ಗಾಜಿಗೆ ಬೆಸೆದ ತಗಡಿನ ನಾಲಗೆ) ಇನ್ನೊಂದು ಕೈಯ ಎರಡು ಬೆರಳಲ್ಲಿ ಗಾಜಿಗೆ ಒತ್ತಿ ಹಿಡೀರಿ, ಟ್ಯಾಬ್ ಕಿತ್ತು ಬರೋದು ಇಲ್ಲೇ.

ದಬ್ಬಣವನ್ನು ಒಳಗಿನಿಂದ, ಅಂಟಿನ ಮಧ್ಯಕ್ಕೆ, ತಗಡಿನ ಕಡೆಗೆ ವಾಲಿಸಿ ಚುಚ್ಚಿ. ತೂತಿನಲ್ಲಿ ದಾರ ತೂರಿಸಿ ಎರಡೂ ತುದಿಗೆ ಹಿಡಿಗೆ ಮರದ ತುಂಡು ಕಟ್ಟಿ. ಒಬ್ಬರು ಕೆಳಗೆ, ಒಬ್ಬರು ಮೇಲೆ. ಸೋಪಿನ ನೀರು ಸ್ಪ್ರೇ ಬಾಟಲಿಯಲ್ಲಿ ಪಕ್ಕದಲ್ಲೇ ಇರಲಿ, ನಿಲ್ಲಿಸದೆ ಹೊಡೀತಿರಬೇಕು. ಒಣಗಿದ ಅಂಟಿನಲ್ಲಿ ಎಳೆದರೆ ದಾರ ಬಿಸಿಯಾಗಿ ಕರಗಿ ತುಂಡಾಗುತ್ತೆ. ಗರಗಸದ ಹಾಗೆ ಒಂದೇ ಜಾಗದಲ್ಲಿ ಗಿರಿಗಿರಿ ಎಳೆಯೋದು ತಪ್ಪು. ಉದ್ದುದ್ದ ಎಳೆತ, ಒಂದೊಂದಕ್ಕೂ ದಾರದ ಹೊಸ ಭಾಗ ಅಂಟಿಗೆ ಸಿಗಬೇಕು. ಮೇಲಿನ ಮೂಲೆಗಳ ಹತ್ತಿರ ಗಾಜನ್ನು ಜಾಗಕ್ಕೆ ಕೂರಿಸುವ ಪ್ಲಾಸ್ಟಿಕ್ ಪಿನ್ ಇದ್ದರೆ ಒಳಗಿನಿಂದ ಮೊದಲೇ ಕತ್ತರಿಸಿಬಿಡಿ. ದಾರ ಪಿನ್‌ಗೆ ಸಿಕ್ಕಿಕೊಂಡಾಗ ಜೋರು ಮಾಡಿದ್ದಕ್ಕೇ ಒಂದು ಗಾಜು ಹೋಗಿದೆ. ಮೂಲೆ ತಿರುಗಿಸೋಕೆ ನಮ್ಮದೊಂದು ಉಪಾಯ ಇದೆ, ಅದು ಅಂಗಡಿಯಲ್ಲೇ ಇರಲಿ. ಮೂಲೆಯಲ್ಲಿ ಎಳೆತದ ದಿಕ್ಕು ಗಾಜಿನ ಮಟ್ಟಕ್ಕೇ ಇರಬೇಕು, ಒಂದು ಇಂಚೂ ಮೇಲೇಳಬಾರದು ಅಂತ ಮಾತ್ರ ಹೇಳ್ತೀನಿ.

ಸುತ್ತ ಕತ್ತರಿಸಿ ಆಯ್ತು ಅನಿಸಿದಾಗ ಎತ್ತೋಕೆ ಹೋಗಬೇಡಿ. ವಿಸಿಟಿಂಗ್ ಕಾರ್ಡ್ ತೂರಿಸಿ ಪೂರ್ತಿ ಒಂದು ಸುತ್ತು ಓಡಿಸಿ. ಬೆರಳಗಲ ಅಂಟು ಉಳಿದಿದ್ದರೂ ಒಂದು ತುದಿಯಿಂದ ಸಕ್ಷನ್ ಕಪ್ ಹಾಕಿ ಎತ್ತಿದ ಗಾಜು ಬಾಗುತ್ತೆ, ಬಾಗಿದ್ದು ಸಿಡಿಯುತ್ತೆ. ಎರಡು ಸಕ್ಷನ್ ಕಪ್, ಇಬ್ಬರು, ಒಟ್ಟಿಗೆ. ಕನ್ನಡಕ, ತೋಳುದ್ದದ ಗ್ಲೌಸ್ ಹೇಳಲೇಬೇಕಿಲ್ಲ. ಅಂಚನ್ನು ಸಿಮೆಂಟ್ ನೆಲಕ್ಕೆ ಊರದೆ ಹಾಸಿಗೆ ಮೇಲೆ ಮಲಗಿಸಿ.

ಗುಜರಿ ಗಾಜಿನಲ್ಲಿ ಕಪ್ಪು ಫಿಲ್ಮ್ ಇದ್ದೇ ಇರುತ್ತೆ. ಹಿಂದಿನ ಗಾಜಿಗೆ ಶೇ. 70 ಬೆಳಕು ಹಾಯಬೇಕು ಅಂತ ನಿಯಮ, ಕಪ್ಪು ಫಿಲ್ಮ್ ಅಷ್ಟು ಬೆಳಕು ಬಿಡಲ್ಲ, ಹಾಗಾಗಿ ಅದನ್ನು ತೆಗೀಲೇಬೇಕು. ಆದರೆ ಫಿಲ್ಮ್ ಅಂಟಿರೋದು ಒಳಮೈಗೆ, ಡಿಫಾಗರ್ ಗೆರೆಯ ಮೇಲೇ. ಬ್ಲೇಡ್ ಹಾಕಿದರೆ ಗೆರೆ ಹೋಯ್ತು. ಬಟ್ಟೆಗೆ ಹಿಡಿಯುವ ಸ್ಟೀಮರ್‌ನ ಹಬೆಯನ್ನು ಹೊರಮೈಯಿಂದ ದೂರದಲ್ಲಿಟ್ಟು ಆಡಿಸುತ್ತಾ, ಗೆರೆ ಓಡುವ ದಿಕ್ಕಿನಲ್ಲೇ, ಅಡ್ಡಡ್ಡ, ನಿಧಾನ ಸುಲಿಯಿರಿ. ಉಳಿದ ಗೋಂದನ್ನು ಸೋಪು ನೀರು, ಮೆತ್ತನೆ ಬಟ್ಟೆಯಲ್ಲಿ ತೆಗೀರಿ. ಇದಕ್ಕೆ ಗಾಜು ಬಿಡಿಸಿದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತೆ, ಬೇಜಾರಿನ ಕೆಲಸ.

ಕೂರಿಸುವ ಮುಂಚೆ ಗೆರೆ ಪರೀಕ್ಷೆ. ಎರಡು ಟ್ಯಾಬ್ ನಡುವೆ ಮಲ್ಟಿಮೀಟರ್ ಒಂದು ಓಮ್ ಆಸುಪಾಸು ತೋರಿಸಬೇಕು. ಮೀಟರ್ ವೈರ್‌ದೇ ರೆಸಿಸ್ಟೆನ್ಸ್ ಕಳೆಯೋದು ಮರೀಬೇಡಿ, ಇಷ್ಟು ಸಣ್ಣ ಅಂಕಿಯಲ್ಲಿ ಅದೇ ದೊಡ್ಡದು. ಆಮೇಲೆ ಫ್ಯೂಸ್ ಹಾಕಿದ ವೈರಲ್ಲಿ 12 ವೋಲ್ಟ್ ಬ್ಯಾಟರಿ ಕೊಟ್ಟು, ಪ್ರೋಬ್ ತುದಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿ ಒಂದೊಂದೇ ಗೆರೆಯ ಮಧ್ಯ ಮುಟ್ಟಿ. ಆರು ವೋಲ್ಟ್ ಹತ್ತಿರ ಬಂದರೆ ಗೆರೆ ಸರಿ. ಸೊನ್ನೆ ಅಥವಾ ಹನ್ನೆರಡು ಬಂದರೆ ಎಲ್ಲೋ ತುಂಡಾಗಿದೆ, ಪ್ರೋಬ್ ಸರಿಸುತ್ತಾ ಹೋದರೆ ವೋಲ್ಟೇಜ್ ಜಿಗಿಯುವ ಜಾಗವೇ ತುಂಡಾದ ಜಾಗ. ಅಲ್ಲಿ ಎರಡೂ ಪಕ್ಕ ಟೇಪ್ ಅಂಟಿಸಿ ಸಿಲ್ವರ್ ಪೇಂಟ್ ಎಳೆದರೆ ಆಯ್ತು. ಕಿತ್ತ ಟ್ಯಾಬಿಗೆ ಬೆಳ್ಳಿ ಬೆರೆತ ಸೋಲ್ಡರ್ ಬೇಕು. ಮಾಮೂಲಿ ಸೀಸದ್ದು ಗಾಜಿನ ಬೆಳ್ಳಿಯನ್ನೇ ಕರಗಿಸಿ ತಿನ್ನುತ್ತೆ, ಟ್ಯಾಬ್ ನಿಂತ ಹಾಗೆ ಕಂಡು ಆಮೇಲೆ ಬೀಳುತ್ತೆ. ಫೆವಿಕ್ವಿಕ್ ಹಾಕಿ ‘ನಿಂತಿದೆ’ ಅನ್ನೋರಿದ್ದಾರೆ. ನಿಂತಿರುತ್ತೆ, ಕರೆಂಟ್ ಹೋಗಲ್ಲ.

ಇನ್ನು ಇವಿ ಕಡೆ. ಹೈ ವೋಲ್ಟೇಜ್ ಅಂತ ಹೆದರಿ ಈ ಕೆಲಸ ಬಿಡುವವರು ಇದ್ದಾರೆ. ಹೈ ವೋಲ್ಟೇಜಿನ ಕಿತ್ತಳೆ ಬಣ್ಣದ ಕೇಬಲ್ ಯಾವುದೂ ಡಿಕ್ಕಿ ಬಾಗಿಲಿಗೆ ಬರಲ್ಲ. ಡಿಫಾಗರ್, ವೈಪರ್, ನಂಬರ್ ಪ್ಲೇಟ್ ದೀಪ, ಕ್ಯಾಮೆರಾ ಎಲ್ಲ 12 ವೋಲ್ಟ್. ಚಾರ್ಜಿಂಗ್‌ಗೆ ಹಾಕಿಟ್ಟು ಕೆಲಸ ಮಾಡಬೇಡಿ ಅಷ್ಟೇ, ಆಗ ಡಿಸಿ-ಡಿಸಿ ಕನ್ವರ್ಟರ್ (ದೊಡ್ಡ ಬ್ಯಾಟರಿಯಿಂದ 12 ವೋಲ್ಟ್ ಮಾಡಿ ಕೊಡೋದು) 12 ವೋಲ್ಟ್ ಲೈನನ್ನು ಎಚ್ಚರವಾಗಿ ಇಟ್ಟಿರುತ್ತೆ. ಇನ್ನೊಂದು ಪೇಚು: 12 ವೋಲ್ಟ್ ನೆಗೆಟಿವ್ ಬಿಚ್ಚಿ ಡಿಕ್ಕಿ ಬಾಗಿಲು ದಬಕ್ಕಂತ ಮುಚ್ಚಿದರೆ ಎಲೆಕ್ಟ್ರಿಕ್ ಲ್ಯಾಚ್ ತೆರೆಯಲ್ಲ. ಲ್ಯಾಚಿನ ಬಾಯಿಗೆ ಬಟ್ಟೆ ತುರುಕಿಡಿ.

ಗಾಜಿನ ಕಾಳು ತೆಗೆಯೋದರಲ್ಲಿ ಸೋಮಾರಿತನ ಮಾಡಿದರೆ ಇವಿ ಮಾಲೀಕರು ವಾಪಸ್ ಬಂದೇ ಬರ್ತಾರೆ. ಡೀಸೆಲ್ ಗಾಡಿಯಲ್ಲಿ ಬಾಗಿಲೊಳಗೆ ಹತ್ತು ಕಾಳು ಉಳಿದರೂ ಕೇಳಿಸಲ್ಲ, ಇಲ್ಲಿ ಎಂಜಿನ್ ಸದ್ದಿಲ್ಲ, ಪ್ರತಿ ಹಂಪ್‌ಗೂ ಕಿಣಿಕಿಣಿ. ಬಾಗಿಲಿನ ಕೆಳಗಿನ ಪೊಟರೆ, ಹಿಂದಿನ ಸೀಟ್ ಬೆಲ್ಟ್‌ನ ಸುರುಳಿ, ಡಿಕ್ಕಿ ನೆಲದ ಕೆಳಗೆ, ಚಾರ್ಜರ್ ಕೇಬಲ್ ಚೀಲದ ಒಳಗೆ, ಎಲ್ಲ ಕಡೆ ವ್ಯಾಕ್ಯೂಮ್. ಬಾಗಿಲನ್ನು ಹತ್ತಾರು ಸಲ ತೆಗೆದು ಮುಚ್ಚಿ ಮತ್ತೆ ವ್ಯಾಕ್ಯೂಮ್.

ಬಾಗಿಲಿನಲ್ಲಿ ಉಳಿದ ಹಳೇ ಪಿಯುವನ್ನು ಬುಡ ಸಮೇತ ಕೆರೆಯಬೇಡಿ. ಒಂದೆರಡು ಮಿಲಿಮೀಟರ್ ಮಟ್ಟಕ್ಕೆ ಹೊಸದಾಗಿ ಕೊಯ್ದು ಬಿಡಿ, ಹೊಸ ಪಿಯು ಅದಕ್ಕೆ ಹಿಡಿಯುವಷ್ಟು ಚೆನ್ನಾಗಿ ಬೇರೆ ಯಾವುದಕ್ಕೂ ಹಿಡಿಯಲ್ಲ. ಗಾಜಿನ ಕಡೆಯೂ ಹಾಗೇ. ಬಣ್ಣಕ್ಕೆ ಗೀರು ಬಿದ್ದ ಕಡೆ ಪ್ರೈಮರ್ ಹಾಕದಿದ್ದರೆ ಅಂಟಿನ ಅಡಿಯಲ್ಲೇ ತುಕ್ಕು ಶುರುವಾಗಿ ನೀರು ದಾರಿ ಮಾಡಿಕೊಳ್ಳುತ್ತೆ. ಗಾಜಿನ ಕಪ್ಪು ಅಂಚು ಬೋಳಾಗಿರುವ ಕಡೆ ಆ್ಯಕ್ಟಿವೇಟರ್ (ಅಂಟು ಹಿಡಿಯೋಕೆ ಮೈ ಸಿದ್ಧ ಮಾಡುವ ದ್ರವ), ಪ್ರೈಮರ್, ಡಬ್ಬಿ ಮೇಲೆ ಬರೆದಷ್ಟು ಹೊತ್ತು ಒಣಗೋಕೆ ಬಿಡಿ. ಪೆಟ್ರೋಲಲ್ಲಿ, ಥಿನ್ನರಲ್ಲಿ ಒರೆಸಬೇಡಿ.

ಅಂಟಿಲ್ಲದೆ ಒಮ್ಮೆ ಗಾಜು ಇಟ್ಟು ಸಂದು ಸರಿಮಾಡಿ, ಗಾಜಿಗೂ ಬಾಡಿಗೂ ಟೇಪ್ ಹಾಕಿ ಕೊಯ್ದು ಗುರುತು ಮಾಡಿಕೊಳ್ಳಿ. ಪಿಯು 310 ಎಂಎಲ್ ಟ್ಯೂಬ್ ಒಂದು ಹೆಚ್ಚು ಕಡಿಮೆ ಸಾಲುತ್ತೆ, ಆದರೂ ಎರಡು ಇಟ್ಟುಕೊಳ್ಳಿ, ಮಧ್ಯದಲ್ಲಿ ಮುಗಿದರೆ ಅಂಗಡಿಗೆ ಓಡೋಕಾಗಲ್ಲ. ನಾಜಲ್‌ಗೆ ‘ವಿ’ ಕೊಯ್ದು, ನೆಟ್ಟಗೆ ಹಿಡಿದು, ಎಂಟು ಮಿಲಿಮೀಟರ್ ಅಗಲ, ಹನ್ನೆರಡು ಎತ್ತರದ ತ್ರಿಕೋನದ ಸಾಲು. ಸಾಲಿನ ಎರಡು ತುದಿಯ ಜೋಡಣೆ ಮೂಲೆಯಲ್ಲಿ ಬರಬಾರದು. ಮಳೆಗಾಲದ ತೇವದಲ್ಲಿ ಮೇಲ್ಮೈ ಬೇಗ ಚರ್ಮ ಕಟ್ಟುತ್ತೆ, ಸಾಲು ಎಳೆದ ಕೂಡಲೇ ಗಾಜು ಕೂರಬೇಕು. ಕೂರಿಸಿ ಅಂಗೈಯಲ್ಲಿ ಒತ್ತಿ, ಗುದ್ದಬೇಡಿ. ಟೇಪನ್ನು ಛಾವಣಿಗೆ ಎಳೆದು ಹಾಕಿ, ಬಾಗಿಲು ತೆರೆಯೋಕೇ ಆಗದ ಹಾಗೆ. ಪಕ್ಕದ ಒಂದು ಕಿಟಕಿ ಎರಡು ಬೆರಳಷ್ಟು ಇಳಿದಿರಲಿ. ಎಲ್ಲ ಮುಚ್ಚಿದ ಗಾಡಿಯಲ್ಲಿ ಡ್ರೈವರ್ ಬಾಗಿಲು ಜೋರಾಗಿ ಹಾಕಿದರೆ ಒಳಗಿನ ಗಾಳಿ ಹಸಿ ಅಂಟನ್ನು ಹೊರಕ್ಕೆ ತಳ್ಳಿ ಸುರಂಗ ಮಾಡುತ್ತೆ.

ಅಂಟು ಒಣಗಿದೆಯಾ ಅನ್ನೋದಕ್ಕೆ ಊಹೆ ಬೇಡ. ಅದೇ ಟ್ಯೂಬಿಂದ ಅದೇ ಹೊತ್ತಿಗೆ ಒಂದು ತುಂಡು ಗಾಜಿನ ಮೇಲೆ ಅಷ್ಟೇ ದಪ್ಪದ ಸಾಲು ಎಳೆದು ಗಾಡಿ ಪಕ್ಕವೇ ಇಡಿ. ಮಾರನೇ ದಿನ ಅಡ್ಡ ಕೊಯ್ದು ನೋಡಿ: ಹೊರಗೆ ಮೂರ್ನಾಲ್ಕು ಮಿಲಿಮೀಟರ್ ರಬ್ಬರಾಗಿರುತ್ತೆ, ನಡುವೆ ಇನ್ನೂ ಜಿಗುಟು. ನಡುವೆಯೂ ಗಟ್ಟಿಯಾಗುವ ತನಕ ಪ್ರೆಷರ್ ವಾಶ್ ಇಲ್ಲ, ಹೈವೇ ಇಲ್ಲ.

ಸೋರಿಕೆ ನೋಡೋಕೆ ನೀರಿಗಿಂತ ಮೊದಲು ಗಾಳಿ. ಕಿಟಕಿ ಎಲ್ಲ ಏರಿಸಿ, ಬ್ಲೋವರ್ ಹೊರಗಾಳಿಗೆ ಹಾಕಿ ಪೂರ್ತಿ ಜೋರು ಮಾಡಿ, ಹೊರಗಿನಿಂದ ಅಂಚಿಗೆಲ್ಲ ಸೋಪಿನ ನೀರು ಹಚ್ಚಿ. ಗುಳ್ಳೆ ಬಂದರೆ ಅಲ್ಲೇ ತೂತು. ಆಮೇಲೆ ಕೆಳಗಿನಿಂದ ಮೇಲಕ್ಕೆ ನಿಧಾನ ನೀರು ಬಿಡಿ. ಸ್ಪಾಯ್ಲರ್ ಹಾಕೋದು ಇದೆಲ್ಲ ಆದ ಮೇಲೆ.

ಅಗ್ಗದ ದಾರಿಗಳನ್ನೂ ನೋಡಿ ಆಗಿದೆ. ಸಿಲಿಕೋನ್ ಹಿಡಿಯಲ್ಲ, ಅದಕ್ಕಿಂತ ಕೆಟ್ಟದ್ದು, ಅದು ಮುಟ್ಟಿದ ಜಾಗಕ್ಕೆ ಆಮೇಲೆ ಪಿಯು ಕೂಡ ಹಿಡಿಯಲ್ಲ. ಮೂರು ಎಂಎಂ ಪಾಲಿಕಾರ್ಬೊನೇಟ್ ಹಾಳೆ ಬಗ್ಗಿಸಿ ಟೇಪ್ ಹಾಕಿದ್ದು ಗಾಜು ಬರುವವರೆಗೆ ಮಳೆ ತಡೆಯಿತು. ಎರಡು ಸಲ ಒರೆಸಿದ್ದಕ್ಕೇ ಮಂಜಾಯ್ತು.

ಲೆಕ್ಕ: ಬಾಗಿಲಿಗೆ ಕಳೆದು ಉಳಿದಿದ್ದು ಐದು ಸಾವಿರ, ಪಿಯು ಎರಡು ಟ್ಯೂಬ್, ಪ್ರೈಮರ್, ಆ್ಯಕ್ಟಿವೇಟರ್ ಸೇರಿ ಎರಡೂವರೆ, ದಾರ ಚಿಲ್ಲರೆ ಎಂಟುನೂರು. ಒಡೆದುಹೋದ ಗಾಜುಗಳ ದುಡ್ಡು ಸೇರಿಸಿದರೆ ಮೊದಲ ಗಾಡಿಯಲ್ಲಿ ಲಾಭ ಏನೂ ಇಲ್ಲ, ಆಮೇಲಿನವುಗಳಲ್ಲಿ ಬಂದಿದೆ. ಗಿರಾಕಿಗೆ ಇನ್ಶೂರೆನ್ಸ್ ಇದ್ದರೆ ಮೊದಲು ಅದನ್ನೇ ಹೇಳಿ: ಗಾಜಿನ ಭಾಗಕ್ಕೆ ಸವಕಳಿ ಕಡಿತ ಇಲ್ಲ. ಆದರೆ ಗಾಜಿನ ಕ್ಲೇಮಿಗೂ ನೋ ಕ್ಲೇಮ್ ಬೋನಸ್ ಹೋಗುತ್ತಾ ಅಂತ ಪಾಲಿಸಿಯಲ್ಲಿ ನೋಡಿಸಿ. ಶೇ. 50 ಬೋನಸ್ ತಲುಪಿದವರಿಗೆ ಕೈಯಿಂದ ಕೊಟ್ಟು ಮಾಡಿಸೋದೇ ಲಾಭ ಆಗಬಹುದು.

2023ರಲ್ಲಿ ಬಂದ ಹೊಸ ಮುಖದ ಗಾಡಿಗೆ ಈ ಗಾಜು ಹುಡುಕಬೇಡಿ. ಅದರಲ್ಲಿ ವೈಪರ್ ಸ್ಪಾಯ್ಲರ್ ಅಡಿಗೆ ಹೋಗಿದೆ, ಹೊಸ ಮುಖದ ಬಾಗಿಲೇ ಬೇಕು, ಮತ್ತು ಮೇಲಿನ ಅಂಚಿಗೆ ದಾರ ಹಾಕುವ ಮುಂಚೆ ಸ್ಪಾಯ್ಲರ್ ಜೊತೆ ವೈಪರ್ ವೈರ್, ವಾಶರ್ ಪೈಪ್ ಎರಡನ್ನೂ ಬಿಚ್ಚಿ ಪಕ್ಕಕ್ಕೆ ಕಟ್ಟಿಡಬೇಕು.