ಮುಂಬೈ ವಾರಕ್ಕೆ ಹೊಂದುವ ಸ್ಟ್ರೆಂತ್ ಪ್ರೋಗ್ರಾಂ: ನಾನು ಆರಿಸಿಕೊಂಡ ಬಗೆ

ಸ್ಟ್ರೆಂತ್ ಟ್ರೇನಿಂಗ್ (ಭಾರ ಎತ್ತಿ ಮೈಗೆ ಬಲ ತರುವ ವ್ಯಾಯಾಮ) ಶುರು ಮಾಡಬೇಕು, ಯಾವ ಪ್ರೋಗ್ರಾಂ ಒಳ್ಳೆಯದು ಅಂತ ನಮ್ಮ ಸಂಘದ ಹೆಂಗಸರು ಈಗೀಗ ತುಂಬಾ ಕೇಳುತ್ತಾರೆ. ನಾನು ತಿರುಗಿ ಕೇಳುವುದು ಒಂದೇ: ವಾರದಲ್ಲಿ ಒಂದು ದಿನ ತಪ್ಪಿದರೆ ಆ ಪ್ರೋಗ್ರಾಂ ಏನಾಗುತ್ತದೆ? ಯಾಕೆಂದರೆ ಮುಂಬೈಯಲ್ಲಿ ದಿನ ತಪ್ಪೇ ತಪ್ಪುತ್ತದೆ. ಜುಲೈನಲ್ಲಿ ಹಳಿ ಮೇಲೆ ನೀರು ಬಂದರೆ ಸೆಂಟ್ರಲ್ ಲೈನ್ ಲೋಕಲ್ ರೈಲು ನಿಂತುಬಿಡುತ್ತದೆ, ತಿಂಗಳ ಕೊನೆಗೆ ಆಫೀಸಿನಲ್ಲಿ ತಡವಾಗುತ್ತದೆ, ಊರಿಂದ ನೆಂಟರು ಬರುತ್ತಾರೆ, ಗಣಪತಿ ಹಬ್ಬ ಬಂತೆಂದರೆ ಹತ್ತು ದಿನ ಕೈಗೇ ಸಿಗುವುದಿಲ್ಲ.

ನಾನಿರುವುದು ಮುಂಬೈ ಹೊರವಲಯದ ಡೊಂಬಿವಲಿ, ಕೆಲಸ ದಕ್ಷಿಣ ಮುಂಬೈಯ ಫೋರ್ಟಿನಲ್ಲಿ. ನಮ್ಮ ಜಿಮ್‌ನ ಗೋಡೆಗೆ ಅಂಟಿಸಿದ ಚಾರ್ಟಿನಲ್ಲಿ ಸೋಮವಾರ ಎದೆ, ಮಂಗಳವಾರ ಬೆನ್ನು, ಬುಧವಾರ ಭುಜ, ಗುರುವಾರ ಕಾಲು ಅಂತ ಆರು ದಿನ ತುಂಬಿದೆ. ದಿನಾ ಬರಲು ಆಗುವವರಿಗೆ ಅದು ಸರಿಯೇ. ಆದರೆ ಒಂದು ಗುರುವಾರ ತಪ್ಪಿತು ಅನ್ನಿ, ಕಾಲಿನ ಸರದಿ ಮತ್ತೆ ಬರುವುದು ಮುಂದಿನ ಗುರುವಾರ, ಅಂದರೆ ಒಂದು ಕಾಲಿನ ದಿನಕ್ಕೂ ಇನ್ನೊಂದಕ್ಕೂ ನಡುವೆ ಎರಡು ವಾರ. ನನಗೆ ಅದು ಆಗುವ ಮಾತಲ್ಲ. ಅದಕ್ಕೇ ವಾರದ ಹೆಸರೇ ಇಲ್ಲದ ಪ್ರೋಗ್ರಾಂ ಹಿಡಿದೆ. ಎ ದಿನ, ಬಿ ದಿನ, ಅಷ್ಟೇ. ಎ ದಿನ ಸ್ಕ್ವಾಟ್ (ರಾಡ್ ಹೆಗಲ ಮೇಲಿಟ್ಟು ಕುಕ್ಕರಿಸಿ ಏಳುವುದು), ಬೆಂಚ್ ಪ್ರೆಸ್ (ಮಲಗಿ ರಾಡನ್ನು ಎದೆಯಿಂದ ಮೇಲಕ್ಕೆ ತಳ್ಳುವುದು), ರೋ (ಬಗ್ಗಿ ನಿಂತು ರಾಡನ್ನು ಹೊಟ್ಟೆಯತ್ತ ಎಳೆಯುವುದು). ಬಿ ದಿನ ಸ್ಕ್ವಾಟ್, ಓವರ್‌ಹೆಡ್ ಪ್ರೆಸ್ (ನಿಂತು ರಾಡನ್ನು ತಲೆ ಮೇಲಕ್ಕೆ ಎತ್ತುವುದು), ಡೆಡ್‌ಲಿಫ್ಟ್ (ನೆಲದಿಂದ ರಾಡ್ ಎತ್ತಿ ನೆಟ್ಟಗೆ ನಿಲ್ಲುವುದು). ಹಿಂದಿನ ಸಲ ಎ ಮಾಡಿದ್ದರೆ ಇವತ್ತು ಬಿ, ನಡುವೆ ಒಂದು ದಿನವಾದರೂ ಬಿಡುವು. ವಾರಕ್ಕೆ ಮೂರು ಸಲ ಹೋದರೆ ಬಹಳ ಒಳ್ಳೆಯದು, ಎರಡೇ ಆದರೂ ಮೈಯ ಯಾವ ಭಾಗವೂ ಬಿಟ್ಟುಹೋಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ದೊಡ್ಡವರಿಗೆ ಹೇಳುವುದೂ ಇದನ್ನೇ: ಮುಖ್ಯ ಸ್ನಾಯುಗಳಿಗೆಲ್ಲ ಕೆಲಸ ಸಿಗುವ ಹಾಗೆ ವಾರಕ್ಕೆ ಕನಿಷ್ಠ 2 ದಿನ.

ಆಮೇಲೆ ನೋಡಬೇಕಾದ್ದು, ತೂಕ ಯಾವಾಗ ಏರಿಸಬೇಕು, ಎಷ್ಟು ಏರಿಸಬೇಕು ಅಂತ ಆ ಪ್ರೋಗ್ರಾಂ ಹೇಳುತ್ತದಾ ಅನ್ನುವುದು. ಇದನ್ನು ಹೇಳದಿದ್ದರೆ ಅದು ಪ್ರೋಗ್ರಾಂ ಅಲ್ಲ, ಸುಮ್ನೆ ವ್ಯಾಯಾಮದ ಪಟ್ಟಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಥಾಮಸ್ ಡಿಲೋರ್ಮ್ ಅನ್ನುವ ಅಮೆರಿಕದ ಸೇನಾ ವೈದ್ಯರು ಗಾಯಗೊಂಡ ಸೈನಿಕರಿಗೆ ಭಾರ ಎತ್ತಿಸಿ, ಅದನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಕಾಲಿಗೆ ಬಲ ತಂದರು. ಇವತ್ತಿನ ಪ್ರೋಗ್ರಾಂಗಳೆಲ್ಲ ನಿಂತಿರುವುದೂ ಇದೇ ಸೂತ್ರದ ಮೇಲೆ.

ನನ್ನ ಪ್ರೋಗ್ರಾಂ ಹೇಳಿದ್ದು ಪ್ರತಿ ಸಲ 2.5 ಕೆಜಿ ಏರಿಸಿ ಅಂತ. ಸ್ಕ್ವಾಟ್‌ನಲ್ಲಿ, ಡೆಡ್‌ಲಿಫ್ಟ್‌ನಲ್ಲಿ ಒಳ್ಳೇ ಏರಿತು. ಓವರ್‌ಹೆಡ್ ಪ್ರೆಸ್‌ನಲ್ಲಿ ಸಿಕ್ಕಿಹಾಕಿಕೊಂಡಿತು. ರಾಡೇ 20 ಕೆಜಿ. ಜಿಮ್‌ನಲ್ಲಿ ಇರುವ ತೀರಾ ಸಣ್ಣ ಪ್ಲೇಟು 2.5 ಕೆಜಿಯದು, ಎರಡೂ ಕಡೆ ಹಾಕಿದರೆ ಒಂದೇ ಏಟಿಗೆ 25. ಅಂದರೆ ಕಾಲು ಭಾಗ ಜಾಸ್ತಿ! ನೂರು ಕೆಜಿ ಸ್ಕ್ವಾಟ್ ಮಾಡುವ ಗಂಡಸಿಗೆ 5 ಕೆಜಿ ಏನೂ ಅಲ್ಲ, ತಲೆ ಮೇಲೆ 20 ಎತ್ತುವ ಹೆಂಗಸಿಗೆ ಅದು ಗೋಡೆ. 1.25 ಕೆಜಿಯ ಒಂದು ಜೊತೆ ಪ್ಲೇಟ್ ಕೊಂಡು ಬ್ಯಾಗಿನಲ್ಲಿ ಟಿಫಿನ್ ಡಬ್ಬಿಯ ಕೆಳಗೆ ಇಟ್ಟುಕೊಂಡು ಹೋಗಲು ಶುರು ಮಾಡಿದೆ. ಜೊತೆಗೆ ನಿಯಮವನ್ನೂ ಆ ಒಂದು ಲಿಫ್ಟಿಗೆ ಮಾತ್ರ ಬದಲಾಯಿಸಿಕೊಂಡೆ: ಮೂರು ಸೆಟ್ (ಸುತ್ತು), ಒಂದೊಂದರಲ್ಲೂ ಐದೈದು ರೆಪ್‌ನಿಂದ (ಐದೈದು ಸಲ ಎತ್ತುವುದರಿಂದ) ಶುರು, ಮೂರೂ ಸೆಟ್‌ನಲ್ಲಿ ಎಂಟು ಬರುವ ತನಕ ತೂಕ ಮುಟ್ಟುವುದಿಲ್ಲ. ಎಂಟು ಬಂದ ಮೇಲೆ ತೂಕ ಏರಿಸಿ ಮತ್ತೆ ಐದರಿಂದ. ಇದರಿಂದ ಭುಜಕ್ಕೂ ಸಮಯ ಸಿಕ್ಕಿತು, ಲಿಫ್ಟೂ ಮುಂದೆ ಹೋಯಿತು. ಹಾಗಾಗಿ ಪ್ರೋಗ್ರಾಂ ಆರಿಸುವ ಮೊದಲು ಒಂದು ಸಲ ಜಿಮ್‌ಗೆ ಹೋಗಿ ಪ್ಲೇಟ್ ಸ್ಟ್ಯಾಂಡ್ ನೋಡಿ ಬನ್ನಿ ಅಂತ ಎಲ್ಲರಿಗೂ ಹೇಳುತ್ತೇನೆ. ಸ್ಕ್ವಾಟ್ ರ‍್ಯಾಕ್ ಒಂದೇ ಇದ್ದು ಸಂಜೆ ಅಲ್ಲಿ ಕ್ಯೂ ಇರುತ್ತದೆ ಅಂತಾದರೆ ಅದೂ ಲೆಕ್ಕಕ್ಕೆ ಬರಬೇಕು, ಅಲ್ವಾ?

ನನ್ನ ಭಾವನ ವಿಷಯವೇ ಬೇರೆ. ಅವರು ಮಾಟುಂಗಾದಲ್ಲಿ ಹೋಟೆಲ್ ನೋಡಿಕೊಳ್ಳುವವರು, ಬೆಳಗ್ಗಿನ ಇಡ್ಲಿಯಿಂದ ರಾತ್ರಿ ಶಟರ್ ಎಳೆಯುವ ತನಕ ನಿಂತೇ ಇರುತ್ತಾರೆ. "ನಿಂಗೆ ಹೇಳಿದ್ದೇ ನಂಗೂ ಸಾಕಲ್ಲ ಮಾರಾಯ್ತಿ" ಅಂದರು. ಸಾಕಾಗುವುದಿಲ್ಲ ಭಾವ ಅಂದೆ. ನಿದ್ದೆಯೇ ಕಡಿಮೆ ಇರುವಾಗ ಪ್ರತಿ ಸಲ ಸ್ಕ್ವಾಟ್ ಏರಿಸುತ್ತಾ ಹೋದರೆ ಮೈ ಸುಧಾರಿಸಿಕೊಳ್ಳುವುದು ಯಾವಾಗ? ಅವರಿಗೆ ವಾರಕ್ಕೆ ಎರಡೇ ದಿನ, ಲಿಫ್ಟಿಗೆ ಮೂರೇ ಸೆಟ್, ತೂಕ ಏರಿಸುವುದು ವಾರಕ್ಕೊಮ್ಮೆ. ಬಿಪಿ ಇರುವುದರಿಂದ ಮೊದಲು ಡಾಕ್ಟರ ಹತ್ತಿರ ಕೇಳಿಕೊಂಡೇ ಶುರು ಮಾಡಿಸಿದ್ದು.

ಪ್ರತಿ ಸಲ ಏರಿಸುವ ಪ್ರೋಗ್ರಾಂ ಎಲ್ಲರಿಗೂ ಒಂದು ದಿನ ನಿಲ್ಲುತ್ತದೆ. ಒಂದೇ ತೂಕ ಸತತ ಮೂರು ಸಲ ಬರಲಿಲ್ಲ ಅಂದರೆ ಶೇ. 10 ಇಳಿಸಿ ಮತ್ತೆ ಏರಿ ಬರಬೇಕು. ಹಾಗೆ ಇಳಿಸಿ ಏರಿಸಿಯೂ ಅದೇ ಜಾಗದಲ್ಲಿ ನಿಂತಾಗ ನಾನು ಅಮೆರಿಕದ ಕೋಚ್ ಜಿಮ್ ವೆಂಡ್ಲರ್ ಅವರ 5/3/1 ಅನ್ನುವ ಪ್ರೋಗ್ರಾಂಗೆ ಬಂದೆ. ಇದರ ಲೆಕ್ಕ ನನಗೆ ಬಹಳ ಇಷ್ಟ. 60 ಕೆಜಿ ಐದು ಸಲ ಎತ್ತುವವರ ಒಂದು ಸಲದ ಗರಿಷ್ಠ ಸುಮಾರು 70. ಅದರ ಶೇ. 90, ಅಂದರೆ 63ನ್ನೇ ಗರಿಷ್ಠ ಅಂತ ಇಟ್ಟುಕೊಂಡು ಮೊದಲ ವಾರ ಮೂರು ಸೆಟ್‌ಗೆ ಅದರ ಶೇ. 65, 75, 85. ಹತ್ತಿರದ ಪ್ಲೇಟಿಗೆ ಹೊಂದಿಸಿದರೆ 40, 47.5, 52.5. ಮೂರು ವಾರ ಏರುತ್ತಾ ಹೋಗಿ ನಾಲ್ಕನೇ ವಾರ ಹಗುರ. ಏರಿಕೆ ತಿಂಗಳಿಗೊಮ್ಮೆ ಮಾತ್ರ, ಮೈಯ ಮೇಲ್ಭಾಗದ ಲಿಫ್ಟ್‌ಗಳಿಗೆ 2.5 ಕೆಜಿಯಷ್ಟು, ಕಾಲಿಗೆ 5. ನಿಧಾನ ಹೌದು, ಆದರೆ ಲೋಕಲ್ ರೈಲಿನಲ್ಲಿ ಥಾಣೆ ತನಕ ನಿಂತು ಬಂದ ಸಂಜೆಯೂ ಆ ತೂಕ ನನ್ನ ಕೈಗೆ ಸಿಗುತ್ತದೆ.

ಇದಕ್ಕೆ ನಾಲ್ಕು ದಿನ ಬೇಕು ಅಂತ ಬರೆದಿರುತ್ತದೆ. ನಾನು ಎರಡೇ ದಿನಕ್ಕೆ ಹಂಚಿಕೊಂಡಿದ್ದೇನೆ: ಒಂದು ದಿನ ಸ್ಕ್ವಾಟ್ ಮತ್ತು ಬೆಂಚ್, ಇನ್ನೊಂದು ದಿನ ಡೆಡ್‌ಲಿಫ್ಟ್ ಮತ್ತು ಪ್ರೆಸ್. ಮಳೆಗಾಲದಲ್ಲಿ ಒಂದು ದಿನ ಹೋಯಿತು ಅಂದರೆ ಆ ವಾರವನ್ನು ಬಿಟ್ಟು ಮುಂದಕ್ಕೆ ಹಾರುವುದಿಲ್ಲ, ಡೈರಿಯಲ್ಲಿ ಎಲ್ಲಿ ನಿಂತಿದೆಯೋ ಅಲ್ಲಿಂದಲೇ ರಾಡ್ ಎತ್ತುತ್ತೇನೆ.