ಕ್ರೂಸ್‌ನಲ್ಲಿ ಮಾತು ಬೆಳೆಸೋದು ಹೇಗೆ, ಎಸ್‌ಪಿಬಿಯವರನ್ನು ಜತೆಗೂಡಿ ನೆನೆಯೋದು ಹೇಗೆ

ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬೆಳಿಗ್ಗೆ ವಾಕಿಂಗ್ ಬರುವವರ ಬಾಯಲ್ಲಿ ಈಗ ಕ್ರೂಸ್ ಮಾತು ಜಾಸ್ತಿ. ರಿಟೈರ್ ಆದವರು, ಮಕ್ಕಳು ಹೊರದೇಶದಲ್ಲಿರುವವರು, ಎರಡು ಮೂರು ಮನೆಯವರು ಸೇರಿ ಚೆನ್ನೈಗೋ ಮುಂಬೈಗೋ ಹೋಗಿ ಹಡಗು ಹತ್ತುತ್ತಾರೆ. ಕೆಲವರು ಸಿಂಗಪುರದವರೆಗೆ ವಿಮಾನದಲ್ಲಿ ಹೋಗಿ ಅಲ್ಲಿಂದ ಹತ್ತುತ್ತಾರೆ. ಟಿಕೆಟ್ಟು, ವೀಸಾ, ಯಾವ ಬಟ್ಟೆ ತಗೊಂಡು ಹೋಗಬೇಕು ಅಂತ ಹೇಳೋಕೆ ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯುತ್ತಿರುವುದು ಮಾತಿನ ಬಗ್ಗೆ ಮಾತ್ರ. ಹಡಗಿನ ತುಂಬ ಗುರುತಿಲ್ಲದ ಜನ, ಸುತ್ತ ನೀರು, ಕೈಯಲ್ಲಿ ಬೇಕಾದಷ್ಟು ಹೊತ್ತು. ಆ ಹೊತ್ತಿನಲ್ಲಿ ನಾಲ್ಕು ಜನರ ಜತೆ ಮನಸ್ಸು ಬಿಚ್ಚಿ ಮಾತಾಡಿದರೆ ಪ್ರವಾಸದ ರುಚಿಯೇ ಬೇರೆ. ಅದಕ್ಕೆ ಸ್ವಲ್ಪ ತಯಾರಿ ಬೇಕು.

ಮಾತು ಶುರುವಾಗೋದು ಹಡಗಿನಲ್ಲಲ್ಲ, ಹತ್ತುವ ಮುಂಚೆ. ಟ್ರಾವೆಲ್ ಏಜೆಂಟರು ಸಾಮಾನ್ಯವಾಗಿ ಒಂದು ವಾಟ್ಸಾಪ್ ಗ್ರೂಪ್ ಮಾಡಿರುತ್ತಾರೆ. ಮೊದಲ ದಿನ ಎಲ್ಲರೂ ಕೈ ಮುಗಿಯುವ ಇಮೋಜಿ ಹಾಕಿ ಸುಮ್ಮನಾಗಿಬಿಡುತ್ತಾರೆ, ಯಾರು ಯಾರು ಅಂತ ಏನೂ ಗೊತ್ತಾಗೋದಿಲ್ಲ. ನೀವೇ ಮೊದಲು ನಾಲ್ಕು ಸಾಲು ಬರೆಯಿರಿ. ಹೀಗೆ: "ನಮಸ್ಕಾರ, ನಾವು ಮೈಸೂರು ಸರಸ್ವತಿಪುರಂನವರು. ನಾನು, ನಮ್ಮ ಯಜಮಾನ್ರು, ನಮ್ಮತ್ತೆ ಬರ್ತಿದ್ದೀವಿ. ಅತ್ತೆಗೆ ಮಂಡಿನೋವು, ನಿಧಾನ ನಡೀತಾರೆ, ಆದ್ರೆ ಹಳೇ ಹಾಡು ಅಂದ್ರೆ ಪ್ರಾಣ. ಅವರ ವಯಸ್ಸಿನವರು ಯಾರಾದ್ರೂ ಇದ್ದೀರಾ?" ಊರು, ಜತೆಗಾರರು, ಒಂದು ಇಷ್ಟ, ಒಂದು ಪ್ರಶ್ನೆ. ಇಷ್ಟು ಸಾಕು. "ನಮ್ಮಮ್ಮನೂ ಬರ್ತಿದ್ದಾರೆ ಕಣ್ರೀ, ನಾವು ಮಂಡ್ಯದವರು" ಅಂತ ಒಂದು ಉತ್ತರ ಬಂದರೂ ಸಾಕು, ಆ ಇಬ್ಬರು ಅಜ್ಜಿಯರಿಗೆ ಹಡಗಿನಲ್ಲಿ ಬೇಸರವೇ ಆಗೋದಿಲ್ಲ.

ಗ್ರೂಪಿನಲ್ಲಿ ಕ್ಯಾಬಿನ್ ನಂಬರ್ ಹಾಕಬೇಡಿ. ಮನೆಗೆ ಬೀಗ ಹಾಕಿ ಹೋಗ್ತೀವಿ ಅನ್ನೋದನ್ನೂ ಅಲ್ಲಿ ಬರೆಯಬೇಡಿ. ಪರಿಚಯ ಆದ ಮೇಲೆ ಎದುರಿಗೆ ಹೇಳಿದರಾಯಿತು.

ಇನ್ನೊಂದು ವಿಷಯ ತುಂಬಾ ಮುಖ್ಯ. ಹಡಗು ತೀರ ಬಿಟ್ಟ ಮೇಲೆ ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಲೇಬೇಕು. ಇಲ್ಲದಿದ್ದರೆ ಅದು ಹಡಗಿನ ಸ್ಯಾಟಲೈಟ್ ನೆಟ್‌ವರ್ಕ್ ಹಿಡಿದು ರೋಮಿಂಗ್ ಬಿಲ್ ಏರಿಸಿಬಿಡುತ್ತದೆ. ವೈಫೈಗೆ ಹೆಚ್ಚಿನ ಹಡಗುಗಳಲ್ಲಿ ಬೇರೆ ದುಡ್ಡು ಕೊಡಬೇಕು, ಎಲ್ಲರೂ ತಗೊಳ್ಳೋದಿಲ್ಲ. ಅಂದರೆ ಅಷ್ಟು ದಿನ ಕಟ್ಟಿದ ಗ್ರೂಪು ಹಡಗಿನಲ್ಲಿ ಮೂಕವಾಗುತ್ತದೆ. ಹಾಗಾಗಿ ಬಂದರಿನಲ್ಲಿ ಇರುವಾಗಲೇ ಒಂದು ಜಾಗ, ಒಂದು ಸಮಯ ಗೊತ್ತು ಮಾಡಿಕೊಳ್ಳಿ. "ದಿನಾ ಸಂಜೆ ಐದಕ್ಕೆ, ಬಫೆ ಹಾಲ್‌ನಲ್ಲಿ ಟೀ ಕೌಂಟರ್ ಪಕ್ಕ, ಬರೋರು ಬನ್ನಿ." ಬೇರೆ ದೇಶದ ಬಂದರಿಗೆ ಹೋದಾಗ ಹಡಗಿನ ಗಡಿಯಾರಕ್ಕೂ ಊರಿನ ಗಡಿಯಾರಕ್ಕೂ ವ್ಯತ್ಯಾಸ ಇರಬಹುದು. ಐದು ಗಂಟೆ ಅಂದರೆ ಹಡಗಿನ ಐದು ಗಂಟೆ ಅಂತ ಮೊದಲೇ ಹೇಳಿಕೊಳ್ಳಿ.

ಹತ್ತಿದ ದಿನ ಮಾತು ತಾನಾಗಿ ಬರುವ ಜಾಗಗಳು ಎರಡಿವೆ. ಒಂದು, ಕ್ಯಾಬಿನ್ ಇನ್ನೂ ರೆಡಿ ಆಗಿಲ್ಲ ಅಂತ ಎಲ್ಲರೂ ಕೈಚೀಲ ಹಿಡಿದುಕೊಂಡು ಬಫೆಯಲ್ಲಿ ಕಾಯುವ ಮಧ್ಯಾಹ್ನ. "ಇಲ್ಲಿ ಯಾರಾದ್ರೂ ಕೂತಿದ್ದಾರಾ?" ಅನ್ನೋದೇ ಅಲ್ಲಿ ಒಳ್ಳೆಯ ಪೀಠಿಕೆ. ಇನ್ನೊಂದು, ಸುರಕ್ಷತಾ ಡ್ರಿಲ್ ಮುಗಿದ ಮೇಲೆ. 2012ರಲ್ಲಿ ಇಟಲಿಯ ತೀರದಲ್ಲಿ ಕೋಸ್ಟಾ ಕಾಂಕೋರ್ಡಿಯಾ ಹಡಗು ಬಂಡೆಗೆ ಬಡಿದು 32 ಜನ ತೀರಿಕೊಂಡರು. ಆಮೇಲೆ ನಿಯಮ ಬಿಗಿಯಾಯಿತು, ಹೊಸದಾಗಿ ಹತ್ತಿದವರಿಗೆ ಹಡಗು ಹೊರಡುವ ಮುಂಚೆ ಇಲ್ಲವೇ ಹೊರಟ ಕೂಡಲೇ ಡ್ರಿಲ್ ಆಗಲೇಬೇಕು. ಅವರು ಹೇಳುವಾಗ ದಯವಿಟ್ಟು ಮಾತು ಬೇಡ, ಕಿವಿಗೊಟ್ಟು ಕೇಳಿ. ಮುಗಿದ ಮೇಲೆ ಪಕ್ಕದಲ್ಲಿ ನಿಂತವರ ಕಡೆ ತಿರುಗಿ "ನಿಮಗೆ ಎಲ್ಲಾ ಅರ್ಥ ಆಯ್ತಾ?" ಅಂತ ಕೇಳಿದರೆ ಸಾಕು, ಅಲ್ಲಿಂದ ಎಲ್ಲಿಗೆ ಬೇಕಾದರೂ ಹೋಗಬಹುದು. ಊರು ಯಾವುದು, ಮೊದಲ ಸಲವೇ, ತಲೆ ಸುತ್ತುತ್ತಾ, ಇಡ್ಲಿ ಎಲ್ಲಿ ಸಿಗುತ್ತೆ.

ಕೇಳಬಾರದ್ದು ಒಂದೆರಡು ಇವೆ. "ಎಷ್ಟು ಕೊಟ್ರಿ?" ಅಂತ ಕೇಳಲೇಬೇಡಿ. ಯಾವಾಗ ಬುಕ್ ಮಾಡಿದರು, ಕಿಟಕಿ ಇಲ್ಲದ ಒಳಗಿನ ಕ್ಯಾಬಿನ್ನೋ ಬಾಲ್ಕನಿ ಇರೋದೋ ಅನ್ನೋದರ ಮೇಲೆ ಒಂದೇ ಹಡಗಿನಲ್ಲಿ ಒಬ್ಬೊಬ್ಬರದು ಒಂದೊಂದು ರೇಟು. ನೀವು ಕಮ್ಮಿ ಕೊಟ್ಟಿದ್ದು ಗೊತ್ತಾದರೆ ಜಾಸ್ತಿ ಕೊಟ್ಟವರಿಗೆ ಅಲ್ಲಿಂದ ಮುಂದೆ ಊಟವೇ ಸೇರೋದಿಲ್ಲ. ನಮ್ಮ ಕಡೆಯ ಇನ್ನೊಂದು ಅಭ್ಯಾಸ, ಊರು ಕೇಳಿದ ತಕ್ಷಣ "ಯಾರ ಪೈಕಿ?" ಅಂತ ಜಾತಿ ಕೆದಕೋದು. ಇದು ನನಗೆ ಒಂದು ಚೂರೂ ಇಷ್ಟವಿಲ್ಲ. ಜತೆಗೆ ಕೂತು ಉಂಡು ಎದ್ದು ಹೋಗುವವರ ಹತ್ತಿರ ಅದು ಯಾಕೆ ಬೇಕು ಹೇಳಿ.

ಕರೆಯೋದರಲ್ಲೂ ಸ್ವಲ್ಪ ಗಮನ ಇರಲಿ. ನಿಮಗಿಂತ ದೊಡ್ಡವರಾದರೆ ಸಾರ್, ಮೇಡಂ, ಅಮ್ಮ. ಒಂದೆರಡು ಊಟ ಜತೆಗಾದ ಮೇಲೆ ಅಕ್ಕ, ಅಣ್ಣ ತಾನಾಗೇ ಬರುತ್ತದೆ. ಬಡಿಸುವ ಹುಡುಗರ ಎದೆ ಮೇಲೆ ಹೆಸರಿನ ಬ್ಯಾಡ್ಜ್ ಇರುತ್ತದೆ, ಚಿಟಿಕೆ ಹೊಡೆದು ಕರೆಯದೆ ಹೆಸರು ಹಿಡಿದು ಕರೆಯಿರಿ. ಅವರೂ ತಿಂಗಳುಗಟ್ಟಲೆ ಮನೆ ಬಿಟ್ಟು ಬಂದವರು.

ಈಗ ಹಾಡಿನ ವಿಷಯ.

ರಾತ್ರಿ ಊಟಕ್ಕೆ ಕೆಲವು ಹಡಗುಗಳಲ್ಲಿ ದೊಡ್ಡ ಟೇಬಲ್‌ಗಳಲ್ಲಿ ಬೇರೆ ಬೇರೆ ಮನೆಯವರನ್ನು ಜತೆಗೆ ಕೂರಿಸುತ್ತಾರೆ. ನಮ್ಮವರು ಇಬ್ಬರು, ಚೆನ್ನೈನವರು ಇಬ್ಬರು, ಹೈದರಾಬಾದಿನವರು, ಪುಣೆಯವರು. ಹವಾಮಾನದ ಮಾತು ಐದು ನಿಮಿಷಕ್ಕೆ ಮುಗಿಯುತ್ತದೆ. ಆಗ ಎಲ್ಲರನ್ನೂ ಒಂದು ಕಡೆ ತರೋ ಹೆಸರು ಅಂದರೆ ಎಸ್.ಪಿ. ಬಾಲಸುಬ್ರಹ್ಮಣ್ಯಂ. ಅವರಿಗೆ ಆರು ಸಲ ರಾಷ್ಟ್ರಪ್ರಶಸ್ತಿ ಬಂತು, ತೆಲುಗು, ತಮಿಳು, ಹಿಂದಿ, ಕನ್ನಡ, ನಾಲ್ಕು ಭಾಷೆಯ ಸಿನಿಮಾಗಳಿಗೆ. ಟೇಬಲ್‌ನಲ್ಲಿ ಯಾರೇ ಇರಲಿ, ಅವರ ಪಾಲಿನದು ಒಂದು ಇದ್ದೇ ಇದೆ. ನಮ್ಮ ಪಾಲಿನದು ಗದಗಿನ ಪಂಚಾಕ್ಷರಿ ಗವಾಯಿಗಳ ಮೇಲಿನ ಸಿನಿಮಾದ್ದು, ಸಂಗೀತ ಹಂಸಲೇಖ ಅವರದು, 2023ರಲ್ಲಿ ನಮ್ಮ ಮೈಸೂರು ದಸರಾ ಉದ್ಘಾಟಿಸಿದರಲ್ಲ, ಅವರೇ. ತೆಲುಗಿನವರು "ನಮ್ಮ ಬಾಲು" ಅಂದರೆ ವಾದಕ್ಕೆ ಇಳಿಯಬೇಡಿ. ಹೌದು, ನೆಲ್ಲೂರಿನ ಕಡೆಯವರು, 1966ರಲ್ಲಿ ಮೊದಲ ಅವಕಾಶ ಕೊಟ್ಟವರು ಸಂಗೀತ ನಿರ್ದೇಶಕ ಕೋದಂಡಪಾಣಿ. ಆ ಗುರುವಿನ ಹೆಸರನ್ನೇ ಎಸ್‌ಪಿಬಿ ತಮ್ಮ ರೆಕಾರ್ಡಿಂಗ್ ಸ್ಟುಡಿಯೋಗೆ ಇಟ್ಟರು. ಇದನ್ನು ನೀವಾಗೇ ಹೇಳಿದರೆ ಅವರ ಮುಖ ಅರಳುತ್ತದೆ. ಆಮೇಲೆ ನಿಧಾನವಾಗಿ, ತೆಲುಗು ಬಿಟ್ಟರೆ ಅವರು ಮೊದಲು ಹಾಡಿದ್ದು ಕನ್ನಡದಲ್ಲಿ, ಎಂ. ರಂಗರಾವ್ ಸಂಗೀತದಲ್ಲಿ ಅಂತ ಸೇರಿಸಿ.

ಆದರೆ ಇವೆಲ್ಲ ಒಗ್ಗರಣೆ. ಮೊದಲೇ ಇದನ್ನು ಹಾಕಬೇಡಿ. ಫೋನ್ ನೋಡಿಕೊಂಡು ಹುಟ್ಟಿದ್ದು 1946ರ ಜೂನ್ 4 ಅಂತ ಓದೋಕೆ ಶುರು ಮಾಡಿದರೆ ಟೇಬಲ್ ತಣ್ಣಗಾಗುತ್ತದೆ. ಪ್ರಶ್ನೆಯಿಂದ ಶುರು ಮಾಡಿ. "ನೀವು ಅವರ ದನಿ ಮೊದಲು ಎಲ್ಲಿ ಕೇಳಿದ್ದು?" ಈ ಪ್ರಶ್ನೆಗೆ ಉತ್ತರ ಇಲ್ಲದವರನ್ನು ನಾನು ಕಂಡಿಲ್ಲ. ಒಬ್ಬರಿಗೆ ರೇಡಿಯೋ. ನಮ್ಮ ಮೈಸೂರಿನವರಿಗಂತೂ ರೇಡಿಯೋ ಅಂದರೆ ಮನೆ ಮಾತು, ಆಕಾಶವಾಣಿ ಅನ್ನೋ ಹೆಸರಿನ ಬಾನುಲಿ ಇಲ್ಲೇ 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರ ಮನೆಯಲ್ಲಿ ಶುರುವಾಗಿದ್ದು. ಇನ್ನೊಬ್ಬರಿಗೆ ಬಸ್ಸಿನ ಟೇಪ್ ರೆಕಾರ್ಡರ್, ಮತ್ತೊಬ್ಬರಿಗೆ ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾ.

ನಮ್ಮ ಜತೆ ಒಂದು ಸಲ ಮಂಡ್ಯ ಕಡೆಯ ಒಬ್ಬ ರಿಟೈರ್ಡ್ ಟೀಚರ್ ಕೂತಿದ್ದರು. ಇಡೀ ಊಟದಲ್ಲಿ ಎರಡು ಮಾತು ಆಡಿರಲಿಲ್ಲ. ಚೆನ್ನೈನವರೊಬ್ಬರು ಎಸ್‌ಪಿಬಿಯವರ ತಮಿಳು ಹಾಡೊಂದನ್ನು ಮೆಲ್ಲಗೆ ಗುನುಗಿದರು. ಟೀಚರ್ ಅವರ ಬಲಗೈ ಬೆರಳುಗಳು ಟೇಬಲ್ ಬಟ್ಟೆ ಮೇಲೆ ತಾಳ ಹಾಕೋಕೆ ಶುರುವಾದವು, ಮೊದಲು ಎರಡು ಬೆರಳು, ಆಮೇಲೆ ಇಡೀ ಅಂಗೈ. ಪಲ್ಲವಿ ಮುಗಿಯೋ ಹೊತ್ತಿಗೆ ಅದೇ ಧಾಟಿಯನ್ನು ಅವರು ಕನ್ನಡದಲ್ಲಿ ಎತ್ತಿಕೊಂಡರು. ಒಂದೇ ಧಾಟಿಯನ್ನು ಎಸ್‌ಪಿಬಿ ಎರಡು ಭಾಷೆಯಲ್ಲೂ ಹಾಡಿರೋದುಂಟು ನೋಡಿ, ಹಾಗಾಗಿ ಇಬ್ಬರದೂ ಸರಿಯಾಗಿ ಕೂಡಿಕೊಂಡಿತು. ಮಜ್ಜಿಗೆ ಲೋಟ ತಂದಿದ್ದ ಹುಡುಗ ಸಾಲು ಮುಗಿಯುವ ತನಕ ಟ್ರೇ ಹಿಡಿದು ನಿಂತೇ ಇದ್ದ. ಅಲ್ಲಿಂದ ಆ ಟೀಚರ್ ಮಾತು ನಿಲ್ಲಲಿಲ್ಲ. ಅವರ ಯಜಮಾನರು ಊರಿನ ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದರಂತೆ, ಬರೀ ಎಸ್‌ಪಿಬಿ ಹಾಡುಗಳನ್ನೇ. ನಾವ್ಯಾರೂ ಕೇಳದೆ ಇದ್ದದ್ದು ಹಾಡಿನಿಂದ ಹೊರಗೆ ಬಂತು.

ಹೀಗೆ ಶುರುವಾದದ್ದನ್ನು ಒಂದು ಸಂಜೆ ಕೂತು ಮಾಡಬೇಕು ಅಂತ ಎಲ್ಲರಿಗೂ ಅನಿಸಿದರೆ, ಹಡಗು ಯಾವ ಬಂದರಿಗೂ ಹೋಗದ ದಿನದ ಮಧ್ಯಾಹ್ನವನ್ನು ಆರಿಸಿಕೊಳ್ಳಿ. ಗೆಸ್ಟ್ ಸರ್ವಿಸ್ ಕೌಂಟರ್‌ಗೆ ಹೋಗಿ ಹತ್ತು ಹದಿನೈದು ಜನ ಕೂರೋಕೆ ಒಂದು ಮೂಲೆ ಕೊಡ್ತೀರಾ ಅಂತ ಕೇಳಿ, ಕಾರ್ಡ್ಸ್ ಆಡುವ ರೂಮು ಆ ಹೊತ್ತಿಗೆ ಖಾಲಿ ಇರಬಹುದು. ಕ್ಯಾಬಿನ್‌ನಲ್ಲಿ ಬೇಡ. ಗೋಡೆಗಳು ತೆಳು, ಪಕ್ಕದವರು ಮಲಗಿರುತ್ತಾರೆ. ಹಡಗಿನ ಕರೋಕೆಯನ್ನು ನಂಬಿಕೊಳ್ಳಬೇಡಿ, ಕನ್ನಡ ಹಾಡು ಅದರಲ್ಲಿ ಸಿಗೋದು ಕಷ್ಟ. ಬೇಕಾದ ಹಾಡುಗಳನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಅದಕ್ಕಿಂತ ಒಳ್ಳೆಯದು, ಒಂದು ನೋಟ್‌ಬುಕ್‌ನಲ್ಲಿ ಸಾಹಿತ್ಯವನ್ನು ದಪ್ಪ ಅಕ್ಷರದಲ್ಲಿ ಬರೆದುಕೊಂಡು ಹೋಗೋದು. ಕನ್ನಡಕ ಕ್ಯಾಬಿನ್‌ನಲ್ಲಿ ಬಿಟ್ಟು ಬಂದವರೂ ಓದುವ ಹಾಗಿರಬೇಕು. ತಿನ್ನೋಕೆ ಮೈಸೂರ್ ಪಾಕ್ ಇದ್ದರೆ ಚೆನ್ನ, ಅಲ್ವಾ? ಆದರೆ ಮನೆಯಲ್ಲಿ ಮಾಡಿದ್ದನ್ನು ಹಡಗಿಗೆ ಸಾಮಾನ್ಯವಾಗಿ ಬಿಡೋದಿಲ್ಲ, ಅಂಗಡಿಯ ಸೀಲ್ ಇರುವ ಪ್ಯಾಕೆಟ್ ತಗೊಳ್ಳಿ, ಟಿಕೆಟ್ ಜತೆ ಬರುವ ನಿಯಮವನ್ನೂ ಒಮ್ಮೆ ನೋಡಿಕೊಳ್ಳಿ.

ನಡೆಸೋದು ಹೇಗೆ ಅಂದರೆ, ಒಬ್ಬೊಬ್ಬರು ಒಂದು ನೆನಪು ಹೇಳಲಿ, ಆಮೇಲೆ ಆ ಹಾಡಿನ ಪಲ್ಲವಿ ಮಾತ್ರ ಹಾಡಲಿ. ಚರಣ ಬಂದವರು ಕೂಡಿಕೊಳ್ಳಲಿ. ಪೂರ್ತಿ ಹಾಡೇ ಆಗಬೇಕು ಅಂದರೆ ಚೆನ್ನಾಗಿ ಹಾಡುವ ಇಬ್ಬರು ಉಳಿದು ಬಾಕಿಯವರು ಕೇಳುಗರಾಗಿಬಿಡುತ್ತಾರೆ. ಹಾಡುವ ಮುಂಚೆ ಬರೆದವರ ಹೆಸರು, ಸಂಗೀತ ಕೊಟ್ಟವರ ಹೆಸರು ಹೇಳಿ. ಎಸ್‌ಪಿಬಿ 'ಎದೆ ತುಂಬಿ ಹಾಡುವೆನು' ಕಾರ್ಯಕ್ರಮದಲ್ಲಿ ಹಾಗೇ ಮಾಡುತ್ತಿದ್ದರು, ಸಾಹಿತ್ಯ ಬರೆದವರನ್ನು ಬಿಟ್ಟು ಹಾಡಿನ ಮಾತೇ ಆಡುತ್ತಿರಲಿಲ್ಲ. ಮಕ್ಕಳು ತಪ್ಪಿದರೆ ಬೈಯದೆ ತಾವೇ ಆ ಸಾಲು ಹಾಡಿ ತೋರಿಸುತ್ತಿದ್ದರು. ನಿಮ್ಮ ಕೂಟದಲ್ಲಿ ಯಾರಾದರೂ ಶ್ರುತಿ ತಪ್ಪಿದರೆ ಮುಖ ನೋಡಿಕೊಂಡು ನಗಬೇಡಿ, ಜತೆಗೆ ಹಾಡಿ ಎತ್ತಿಕೊಳ್ಳಿ.

ಎಪ್ಪತ್ತು ದಾಟಿದವರು ಒಂದು ಹಂತದಲ್ಲಿ ಪಿ.ಬಿ. ಶ್ರೀನಿವಾಸ್ ಹೆಸರು ತೆಗೆದೇ ತೆಗೆಯುತ್ತಾರೆ. ರಾಜ್‌ಕುಮಾರ್ ಅವರಿಗೆ ಅಷ್ಟು ವರ್ಷ ದನಿಯಾಗಿದ್ದವರು, ತೆಗೆಯಲಿ. ಅವರಿಗೂ ಅರ್ಧ ಗಂಟೆ ಕೊಡಿ. "ಇವರು ದೊಡ್ಡವರಾ ಅವರು ದೊಡ್ಡವರಾ" ಅನ್ನೋ ಮಾತಿಗೆ ಮಾತ್ರ ಜಾಗ ಕೊಡಬೇಡಿ, ಅದು ಬಂತೆಂದರೆ ಹಾಡು ನಿಂತು ಜಗಳ ಶುರು.

ಇನ್ನೊಂದಕ್ಕೆ ತಯಾರಿರಿ. ಯಾರಾದರೂ ಅಳಬಹುದು. ಎಸ್‌ಪಿಬಿ ಹೋದದ್ದು 2020ರ ಸೆಪ್ಟೆಂಬರ್ 25ರಂದು. ಕೋವಿಡ್ ಬಂದು ಆಸ್ಪತ್ರೆ ಸೇರಿದವರು ವಾಪಸ್ ಬರಲಿಲ್ಲ. ಆಗ ಜನ ಸೇರೋ ಹಾಗೇ ಇರಲಿಲ್ಲ, ಎಲ್ಲರೂ ಟಿವಿ ಮುಂದೆ ಒಬ್ಬೊಬ್ಬರೇ ಕೂತು ನೋಡಿದೆವು. ಅದೇ ದಿನಗಳಲ್ಲಿ ಮನೆಯವರನ್ನೇ ಕಳಕೊಂಡವರು ನಿಮ್ಮ ಟೇಬಲ್‌ನಲ್ಲಿ ಇರಬಹುದು. ಎಸ್‌ಪಿಬಿಯವರ ನೆನಪನ್ನು ಹೇಳುತ್ತ ಹೇಳುತ್ತ ತಮ್ಮವರ ನೆನಪಿಗೆ ಹೋಗಿಬಿಡುತ್ತಾರೆ. ತಡೆಯಬೇಡಿ, ಸಮಾಧಾನದ ಮಾತನ್ನೂ ಅವಸರದಲ್ಲಿ ಹೇಳಬೇಡಿ. ನೀರು ಕೊಡಿ, ಪಕ್ಕದಲ್ಲಿ ಕೂತಿರಿ. ಮುಂದಿನ ಹಾಡು ಯಾವುದು ಅಂತ ಅವರೇ ಹೇಳಲಿ. ಅಂದು ಸೇರಿ ದುಃಖ ಪಡೋಕೆ ಆಗದೇ ಇದ್ದವರಿಗೆ ಈಗ ಸೇರಿ ಹಾಡೋಕೆ ಒಂದು ಜಾಗ ಸಿಕ್ಕಿದರೆ ಅದು ಸಣ್ಣ ವಿಷಯ ಅಲ್ಲ ಅಂತ ನನ್ನ ನಂಬಿಕೆ.

ಯಾರದೇ ಹಾಡು, ಅಳು ರೆಕಾರ್ಡ್ ಮಾಡೋ ಮುಂಚೆ ಅವರನ್ನು ಕೇಳಿ. ಸ್ಟೇಟಸ್‌ಗೆ ಹಾಕೋ ಮುಂಚೆ ಮತ್ತೆ ಕೇಳಿ.

ಕೊನೇ ರಾತ್ರಿ ದೊಡ್ಡ ಬ್ಯಾಗುಗಳಿಗೆ ಟ್ಯಾಗ್ ಕಟ್ಟಿ ಕ್ಯಾಬಿನ್ ಬಾಗಿಲ ಹೊರಗೆ ಇಡಬೇಕಾಗುತ್ತದೆ, ಬೆಳಿಗ್ಗೆ ಇಳಿಯುವ ಗಡಿಬಿಡಿಯಲ್ಲಿ ಯಾರೂ ಯಾರಿಗೂ ಸಿಗೋದಿಲ್ಲ. ಹಾಗಾಗಿ ಫೋನ್ ನಂಬರುಗಳನ್ನು ಹಿಂದಿನ ಸಂಜೆಯ ಟೀ ಹೊತ್ತಿಗೇ ಬರೆದುಕೊಳ್ಳಿ, ಹಾಡಿನ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲೇ ಬರೆದರೆ ಕಳೆಯೋದಿಲ್ಲ. ಊರಿಗೆ ಬಂದ ವಾರದೊಳಗೆ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಒಂದು ಮೆಸೇಜ್ ಹಾಕಿ, ಗ್ರೂಪಿಗೆ ಅಲ್ಲ. ಮಂಡ್ಯದವರಾದರೆ ಮೈಸೂರಿಗೆ ಒಂದು ಗಂಟೆ ದಾರಿ. ಜೂನ್ 4ಕ್ಕೆ ನಿಮ್ಮ ಮನೆಗೇ ಕರೆಯಿರಿ. ಬರುವಾಗ ಮದ್ದೂರು ವಡೆ ತರ್ತಾರೆ, ನೀವು ಕಾಫಿ ಮಾಡಿ.