ಆಗುಂಬೆ ಘಾಟಿ ಹತ್ತುವ ಸೈಕಲ್ಲಿಗೆ ಗೇರ್ ಹೀಗಿರಲಿ

ಸೋಮೇಶ್ವರದಿಂದ ಆಗುಂಬೆಗೆ 14 ಹೇರ್‌ಪಿನ್ ತಿರುವು. ಟೂರ್ ಡಿ ಫ್ರಾನ್ಸ್ ಸೈಕಲ್ ರೇಸು 1952ರಲ್ಲಿ ಮೊದಲು ಹತ್ತಿದ ಫ್ರಾನ್ಸಿನ ಬೆಟ್ಟದ ದಾರಿ ಆಲ್ಪ್ ದುಯೆಜ್‌ನಲ್ಲಿ 21 ತಿರುವು, 13.8 ಕಿ.ಮೀ., ಸರಾಸರಿ ಶೇ 8.1ರ ಏರು. ನಮ್ಮದು ಅದಕ್ಕಿಂತ ಗಿಡ್ಡ. ಆದರೂ ಎರಡು ಕಡೆಗೂ ಲೆಕ್ಕ ಒಂದೇ: ಕಾಲು ಸೋಲುವ ಮೊದಲು ಗೇರ್ ಮುಗಿಯಬಾರದು.

ತುಂಬಾ ರೋಡ್ ಬೈಕ್‌ಗಳಲ್ಲಿ ಮುಂದೆ 50-34, ಹಿಂದೆ 11-28 ಇರುತ್ತದೆ; ಅಂದರೆ ಮುಂದೆ 50 ಮತ್ತು 34 ಹಲ್ಲಿನ ಎರಡು ಚಕ್ರ, ಹಿಂದೆ 11ರಿಂದ 28 ಹಲ್ಲಿನವರೆಗಿನ ಚಕ್ರಗಳ ಗೊಂಚಲು. ಕಡಿದಾದ ಕಡೆ ವೇಗ ಗಂಟೆಗೆ 9 ಕಿ.ಮೀ.ಗೆ ಇಳಿದರೆ ಮುಂದೆ 34, ಹಿಂದೆ 28 ಹಾಕಿದಾಗ ಪೆಡಲ್ ನಿಮಿಷಕ್ಕೆ ಸುಮಾರು 59 ಸುತ್ತು ಮಾತ್ರ. ಹಾಗೆ ಜಗ್ಗಿ ತುಳಿದರೆ ಮಂಡಿ ನೋವು ಗ್ಯಾರಂಟಿ. ನಾನು ಹಿಂದೆ 11-34 ಹಾಕಿದ್ದೇನೆ, ಅದೇ ವೇಗಕ್ಕೆ 71 ಸುತ್ತು ಸಿಗುತ್ತದೆ.

ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಒಂದನ್ನೇ ಬದಲಿಸಿದರೆ ಸಾಲದು. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಡೀರೇಲರ್‌ನ ಕೇಜ್ (ಚೈನು ಹಾಯುವ ತೋಳು) ಗಿಡ್ಡವಿದ್ದರೆ 34 ಹಲ್ಲು ತಾಳುವುದಿಲ್ಲ, ಉದ್ದ ಕೇಜಿನದೇ ಬೇಕು. ಹಳೆ ಚೈನೂ ಸಾಲದೆ ಹೋಗಬಹುದು. ಹೊಸ ಚೈನನ್ನು ಡೀರೇಲರಿಗೆ ಪೋಣಿಸದೆ ಮುಂದಿನ, ಹಿಂದಿನ ದೊಡ್ಡ ಹಲ್ಲುಚಕ್ರಗಳ ಮೇಲೆ ಸುತ್ತಿ, ತುದಿ ಕೂಡುವಲ್ಲಿಂದ ಎರಡು ಲಿಂಕ್ ಹೆಚ್ಚಿಗೆ ಬಿಟ್ಟು ಕತ್ತರಿಸುತ್ತೇನೆ. ಡೀರೇಲರಿನ ಮೇಲಿನ ಪುಟ್ಟ ಗಾಲಿ (ಜಾಕಿ ವೀಲ್) ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ ಉಜ್ಜದಂತೆ, ಆ ಸಂದು ಹೊಂದಿಸುವ ಬಿ-ಸ್ಕ್ರೂ ತಿರುಗಿಸಿ 5–6 ಮಿ.ಮೀ. ಸಂದು ಬಿಡುತ್ತೇನೆ. ಡೀರೇಲರ್ ಚಕ್ರದ ಕಡೆಗೆ ಅತಿಯಾಗಿ ಸರಿಯದಂತೆ ತಡೆಯುವ ಎಲ್ ಸ್ಕ್ರೂ ಸರಿಯಿಲ್ಲದಿದ್ದರೆ ಚೈನು ಚಕ್ರದ ಕಡ್ಡಿಗಳೊಳಗೆ ಬಿದ್ದು, ಡೀರೇಲರ್ ಕೂರುವ ಹ್ಯಾಂಗರ್ ಮುರಿಯಬಹುದು. ಅದನ್ನು ಮನೆಯಲ್ಲೇ ಹಿಂದಿನ ಚಕ್ರ ಎತ್ತಿ, ಪೆಡಲ್ ತಿರುಗಿಸಿ ನೋಡಿಕೊಳ್ಳಿ.

ಏರುವಾಗ ಎಡ ತಿರುವುಗಳಲ್ಲಿ ನಮ್ಮ ಪಾಲಿಗೆ ಬರುವುದು ಒಳಬದಿ, ಅದೇ ಅತಿ ಕಡಿದು. ಅಗಲಕ್ಕೆ ಹೊರಗೆ ಹೋಗೋಣವೆಂದರೆ ಇಳಿದು ಬರುವ ಮಿನಿ ಬಸ್ಸಿಗೇ ರಸ್ತೆ ಸಾಲದು. ತಿರುವಿಗೆ ಹತ್ತು ಮೀಟರ್ ಇರುವಾಗಲೇ ಪೆಡಲಿನ ಒತ್ತಡ ಅರೆಗಳಿಗೆ ಸಡಿಲಿಸಿ ಗೇರ್ ಇಳಿಸಬೇಕು. ತಿರುವಿನ ನಡುವೆ ಬಲ ಹಾಕಿ ತುಳಿಯುತ್ತಲೇ ಇಳಿಸಿದರೆ ಚೈನು ಜಿಗಿಯುತ್ತದೆ, ಸವೆದಿದ್ದರೆ ತುಂಡಾಗುವುದೂ ಉಂಟು. ಬಲ ತಿರುವುಗಳಲ್ಲಿ ನಾವು ಹೊರಬದಿಯಲ್ಲಿರುವುದರಿಂದ ಏರು ಕಡಿಮೆ. ನೀರು ಕುಡಿಯಲು ಅದೇ ಜಾಗ.

ಮೊದಲ ನಾಲ್ಕು ತಿರುವು ಮಾತಾಡುತ್ತಾ ಹತ್ತುವಷ್ಟೇ ಜೋರು ಸಾಕು. ಈ ವೇಗಕ್ಕೆ ಗಾಳಿ ತಾಗುವುದಿಲ್ಲ, ಸೆಕೆಗೆ ಬೆವರು ಆರುವುದೂ ಇಲ್ಲ, ಮೈ ಕಾದರೆ ಮತ್ತೆ ಸುಧಾರಿಸಿಕೊಳ್ಳುವುದು ಕಷ್ಟ. ಮುಕ್ಕಾಲು ಲೀಟರ್ ನೀರಿಗೆ ಕಾಲು ಟೀ ಚಮಚ ಉಪ್ಪು, ಬೆಲ್ಲ, ಅರ್ಧ ನಿಂಬೆಹಣ್ಣು ಹಾಕಿಕೊಳ್ಳುತ್ತೇನೆ. ತಿಂಡಿ ಪೊಟ್ಟಣ ಜೇಬಿನಿಂದ ಹೊರಗೆ ಕಾಣದಿರಲಿ, ಮಂಗಗಳು ಬಿಡುವುದಿಲ್ಲ.

ಮಳೆಗಾಲದಲ್ಲಿ ರಸ್ತೆಯಂಚಿನಲ್ಲಿ ಪಾಚಿ ಕಟ್ಟಿರುತ್ತದೆ. ಇಳಿಯುವಾಗ ಒಂದಡಿ ಒಳಗೇ ಬನ್ನಿ. ರಿಮ್ ಬ್ರೇಕಾದರೆ ಚಕ್ರದ ಮೊದಲ ಸುತ್ತುಗಳು ನೀರು ಒರೆಸುವುದಕ್ಕೇ ಹೋಗುತ್ತವೆ, ಆದ್ದರಿಂದ ತಿರುವು ಕಂಡ ಕೂಡಲೇ ಮೆಲ್ಲಗೆ ಹಿಡಿಯಲು ಶುರು ಮಾಡಿ.